ಬ್ರೇಕಿಗೆ ತಾಗದ ರಿಮ್ ಆರಿಸುವುದು ಹೇಗೆ: ಕೊಡಗಿನ ಜೀಪು, ಜಿಪ್ಸಿ, ಥಾರ್, ಜಿಮ್ನಿಗಳಿಗೆ ಸಮಗ್ರ ಮಾರ್ಗದರ್ಶಿ

ಹೊರಗಿನ ರಿಮ್ ಕೊಳ್ಳಲು ಹೋದಾಗ ಅಂಗಡಿಯಲ್ಲಿ ಸಾಮಾನ್ಯವಾಗಿ ಎರಡೇ ಮಾತು ನಡೆಯುತ್ತದೆ: ಎಷ್ಟು ಇಂಚು, ಎಷ್ಟು ಬೋಲ್ಟು. ಎರಡೂ ಸರಿ ಇದ್ದರೆ ರಿಮ್ ಗಾಡಿಗೆ ಆಗುತ್ತದೆ ಎಂದು ತೀರ್ಮಾನ. ಆದರೆ ಈ ಎರಡೂ ಸರಿ ಇದ್ದ ರಿಮ್ ಬ್ರೇಕ್ ಕ್ಯಾಲಿಪರಿಗೆ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ) ಉಜ್ಜಬಹುದು. ಅದೇ ಅಳತೆಯ ಇನ್ನೊಂದು ಮಾದರಿ ಆರಾಮವಾಗಿ ಕೂರಬಹುದು. ಬ್ರೇಕಿಗೆ ಜಾಗ ಸಿಗುತ್ತದೋ ಇಲ್ಲವೋ ಎಂಬುದನ್ನು ಹೇಳುವ ಅಂಕಿ ರಿಮ್ಮಿನ ಮೇಲೆ ಎಲ್ಲೂ ಬರೆದಿರುವುದಿಲ್ಲ. ಅದನ್ನು ನಾವೇ ಅಳೆಯಬೇಕು. ಅಳೆಯಲು ಬೇಕಾಗುವುದು ಒಂದು ರಟ್ಟು, ಒಂದು ಸ್ಕೇಲು, ಒಂದು ವರ್ನಿಯರ್ ಮತ್ತು ಒಂದು ಬೆಳಗಿನ ಸಮಯ.

ಕೊಡಗಿನಲ್ಲಿ ಈ ಅಳತೆಗೆ ಬೇರೆ ಊರುಗಳಿಗಿಂತ ಹೆಚ್ಚು ಬೆಲೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ದಾರಿಯ ಕೆಮ್ಮಣ್ಣು ರಿಮ್ಮಿನ ಒಳಗೆ ಮೆತ್ತಿಕೊಂಡು ಕ್ಯಾಲಿಪರ್ ಸುತ್ತ ತುಂಬುತ್ತದೆ. ಮಾಂದಲಪಟ್ಟಿಯಂಥ ಏರಿನಲ್ಲಿ ಸಡಿಲ ಕಲ್ಲು ಹಾರಿ ಒಳಗೆ ಸೇರುತ್ತದೆ. ಡಾಂಬರು ರಸ್ತೆಯಲ್ಲಿ 3 ಮಿ.ಮೀ. ಸಂದಿ ಸಾಕು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಡಿಕೇರಿಯಿಂದ ಸಂಪಾಜೆಗೋ ವಿರಾಜಪೇಟೆಯಿಂದ ಮಾಕುಟ್ಟಕ್ಕೋ ಇಳಿಯುವಾಗ ಬ್ರೇಕ್ ಕಾದಿರುವ ಹೊತ್ತಿನಲ್ಲಿ ಕ್ಯಾಲಿಪರಿಗೂ ರಿಮ್ಮಿಗೂ ನಡುವೆ ಕಲ್ಲು ಸಿಕ್ಕಿಕೊಳ್ಳುವುದು ಯಾರಿಗೂ ಬೇಡದ ಸಂಗತಿ.

ಎರಡು ಬೇರೆ ಬೇರೆ ಸಂದಿಗಳು

ಬ್ರೇಕಿಗೆ ಬೇಕಾದ ಜಾಗ ಒಂದಲ್ಲ, ಎರಡು. ಮೊದಲನೆಯದು ಸುತ್ತಿನ ಸಂದಿ. ಕ್ಯಾಲಿಪರಿನ ಬೆನ್ನಿಗೂ ರಿಮ್ಮಿನ ಬ್ಯಾರಲ್ (ಟೈರ್ ಕೂರುವ ಕೊಳವೆಯಂಥ ಭಾಗ) ಒಳಗೋಡೆಗೂ ನಡುವಿನ ಅಂತರ ಇದು. ಎರಡನೆಯದು ಮುಖದ ಸಂದಿ. ಕ್ಯಾಲಿಪರಿನ ಹೊರಮುಖಕ್ಕೂ ಸ್ಪೋಕ್‌ಗಳ ಹಿಂಬದಿಗೂ ನಡುವಿನ ಅಂತರ. ಇಂಚು ಹೆಚ್ಚಿಸಿದರೆ ಸುತ್ತಿನ ಸಂದಿ ಹೆಚ್ಚುತ್ತದೆ. ಮುಖದ ಸಂದಿಗೆ ಇಂಚಿನಿಂದ ಖಾತರಿ ಇಲ್ಲ, ಅದನ್ನು ನಿರ್ಧರಿಸುವುದು ಸ್ಪೋಕ್‌ನ ಬಾಗು. ‘18 ಇಂಚು ಹಾಕಿದ್ದೀನಿ, ಆದರೂ ತಾಗುತ್ತಿದೆ’ ಎನ್ನುವವರ ಗಾಡಿಯಲ್ಲಿ ತಾಗುತ್ತಿರುವುದು ಬಹುಮಟ್ಟಿಗೆ ಸ್ಪೋಕ್.

ರಿಮ್ಮಿನ ಇಂಚು ಟೈರಿನ ಬೀಡು (ರಿಮ್ಮಿಗೆ ಕಚ್ಚಿಕೊಳ್ಳುವ ಟೈರಿನ ಅಂಚು) ಕೂರುವ ಜಾಗದ ಅಳತೆ. ಕ್ಯಾಲಿಪರ್ ಕೂರುವ ಒಳಜಾಗದ ಅಳತೆ ಅದಲ್ಲ. 15 ಇಂಚಿನ ರಿಮ್ಮಿನಲ್ಲಿ ಬೀಡು ಕೂರುವ ವ್ಯಾಸ ಸುಮಾರು 380 ಮಿ.ಮೀ. ಟೈರ್ ಹತ್ತಿಸಲೆಂದು ನಡುವೆ ಒಂದು ತಗ್ಗು ಇರುತ್ತದೆ. ಸಾಮಾನ್ಯ ‘ಜೆ’ ಆಕಾರದ ಅಂಚಿರುವ ರಿಮ್ಮಿನಲ್ಲಿ ಅದರ ಆಳ ಒಂದು ಬದಿಗೆ 17 ಮಿ.ಮೀ.ಯಷ್ಟು, ಎರಡೂ ಬದಿ ಸೇರಿ 34-35. ಅದರ ಮೇಲೆ ಲೋಹದ ದಪ್ಪ: ಸ್ಟೀಲಿಗೆ ಸುಮಾರು 3 ಮಿ.ಮೀ., ಅಲಾಯಿಗೆ 5 ಅಥವಾ ಇನ್ನೂ ಹೆಚ್ಚು. ಇವೆಲ್ಲ ಕಳೆದರೆ 15 ಇಂಚಿನ ಸ್ಟೀಲ್ ರಿಮ್ಮಿನ ಅತಿ ಕಿರಿದಾದ ಜಾಗದಲ್ಲಿ 339-340 ಮಿ.ಮೀ. ಉಳಿಯುತ್ತದೆ, ಅಲಾಯಿಯಲ್ಲಿ 335 ಅಥವಾ ಅದಕ್ಕೂ ಕಡಿಮೆ. 16 ಇಂಚಿಗೆ ಬೀಡಿನ ವ್ಯಾಸ 405-406 ಮಿ.ಮೀ. ಆದ್ದರಿಂದ ಒಳಜಾಗ 360ರ ಆಸುಪಾಸು. ಒಂದೇ ಇಂಚಿನ ಸ್ಟೀಲಿಗೂ ಅಲಾಯಿಗೂ ವ್ಯಾಸದಲ್ಲಿ ನಾಲ್ಕೈದು ಮಿ.ಮೀ. ವ್ಯತ್ಯಾಸ ಬರುತ್ತದೆ. ಹಳೆಯ ಸ್ಟೀಲ್ ರಿಮ್ ಕೂತಿತ್ತು ಎಂದ ಮಾತ್ರಕ್ಕೆ ಅದೇ ಇಂಚಿನ ಅಲಾಯ್ ಕೂರುತ್ತದೆ ಎಂದುಕೊಳ್ಳುವ ಹಾಗಿಲ್ಲ.

ಅಳೆಯುವ ಮೊದಲು ಗಾಡಿಯನ್ನು ಸಿದ್ಧಮಾಡಿ

ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಕಾಫಿ ಒಣಗಿಸುವ ಸಿಮೆಂಟಿನ ಕಣ ಇದ್ದರೆ ಅದೇ ಒಳ್ಳೆಯ ಜಾಗ. ಹಿಂದಿನ ಚಕ್ರಗಳಿಗೆ ಎರಡೂ ಬದಿ ಕಲ್ಲೋ ಮರದ ತುಂಡೋ ಕೊಡಿ. ಜಾಕ್ ಹಾಕಿ ಎತ್ತಿದ ಮೇಲೆ ಆಕ್ಸಲ್ ಅಥವಾ ಚಾಸಿಯ ಕೆಳಗೆ ಸ್ಟ್ಯಾಂಡ್ ಇಡಿ, ಬರೀ ಜಾಕಿನ ಮೇಲೆ ಕೆಲಸ ಬೇಡ.

ಚಕ್ರ ಬಿಚ್ಚುವ ಮುನ್ನ ಅದನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಆಡುತ್ತಿದ್ದರೆ ಬೇರಿಂಗ್ ಅಥವಾ ಕಿಂಗ್‌ಪಿನ್ (ಮುಂಚಕ್ರ ಎಡಬಲ ತಿರುಗುವ ಕೀಲು) ಸಡಿಲವಾಗಿದೆ ಎಂದರ್ಥ. ಹಳೆಯ ಜೀಪುಗಳಲ್ಲಿ ಇದು ಮಾಮೂಲು. ಕ್ಯಾಲಿಪರ್ ಚಕ್ರದೊಂದಿಗೆ ಉರುಳದ ನಕಲ್ಲಿಗೆ ಬಿಗಿದಿರುತ್ತದೆ, ರಿಮ್ ತಾನು ಬಿಗಿದಿರುವ ಹಬ್ಬಿನ (ಹಬ್) ಜೊತೆ ತಿರುಗುತ್ತದೆ. ಬೇರಿಂಗ್ ಸಡಿಲವಿದ್ದರೆ ಇವೆರಡರ ನಡುವಿನ ಸಂದಿ ತಿರುವಿನಲ್ಲಿ ಬದಲಾಗುತ್ತಿರುತ್ತದೆ. ಮೊದಲು ಬೇರಿಂಗ್ ಸರಿಮಾಡಿಸಿ, ಆಮೇಲೆ ಅಳೆಯಿರಿ.

ಇನ್ನೊಂದು ವಿಷಯವನ್ನು ಅನುಭವಿ ಮೆಕ್ಯಾನಿಕ್‌ಗಳೂ ಮರೆಯುತ್ತಾರೆ: ಬ್ರೇಕ್ ಪ್ಯಾಡ್. ನಮ್ಮ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಜಾರುವ ಕ್ಯಾಲಿಪರ್, ಅದರ ಪಿಸ್ಟನ್ ಒಳಬದಿಯಲ್ಲಿ ಮಾತ್ರ. ಹೊರಗಿನ ಪ್ಯಾಡ್ ಸವೆದಂತೆ ಕ್ಯಾಲಿಪರಿನ ಇಡೀ ಒಡಲು ಗಾಡಿಯ ಒಳಬದಿಗೆ ಸರಿಯುತ್ತದೆ. ಸವೆದ ಪ್ಯಾಡ್ ಇರುವಾಗ ಅಳೆದರೆ ಮುಖದ ಸಂದಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಉದಾಹರಣೆಗೆ, ಇವತ್ತು 4 ಮಿ.ಮೀ. ಸಂದಿ ಸಿಕ್ಕಿತು, ಹೊರ ಪ್ಯಾಡ್ 7 ಮಿ.ಮೀ. ಸವೆದಿದೆ ಎಂದಿಟ್ಟುಕೊಳ್ಳಿ. ಹೊಸ ಪ್ಯಾಡ್ ಹಾಕಿದ ದಿನ ಕ್ಯಾಲಿಪರ್ 7 ಮಿ.ಮೀ. ಹೊರಗೆ ಬಂದು ಸ್ಪೋಕ್‌ಗೆ ತಾಗುತ್ತದೆ. ಹೊಸ ಪ್ಯಾಡ್ ಹಾಕಿಯೇ ಅಳೆಯಿರಿ, ಇಲ್ಲವಾದರೆ ಸವೆದಷ್ಟನ್ನು ಲೆಕ್ಕಕ್ಕೆ ಸೇರಿಸಿ. ಡಿಸ್ಕ್ ಸವೆದು ತೆಳುವಾಗಿದ್ದರೆ ಅದರ ಹೊರಮುಖದ ಸವೆತವನ್ನೂ ಸೇರಿಸಿ.

ಚಕ್ರ ಬಿಚ್ಚಿದ ಮೇಲೆ ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತುಕ್ಕು ತೆಗೆಯಿರಿ. ಹಿಂದಿನ ಡ್ರಮ್ ಹಿಡಿದಿಡಲು ಕಾರ್ಖಾನೆಯಲ್ಲಿ ಸ್ಟಡ್ಡಿಗೆ (ಚಕ್ರದ ನಟ್ಟು ಕೂರುವ ಬೋಲ್ಟು) ಹಾಕಿದ ತೆಳು ಕ್ಲಿಪ್ ಉಳಿದಿದ್ದರೆ ಅದನ್ನೂ ತೆಗೆಯಿರಿ. ಹಿಂಬದಿಯಲ್ಲಿ ಕುಳಿ ಇರುವ ಸ್ಟೀಲ್ ರಿಮ್ ಅದರ ಮೇಲೂ ಕೂರಬಹುದು. ಹಿಂಬದಿ ಚಪ್ಪಟೆಯಾಗಿರುವ ಅಲಾಯ್ ಮಾತ್ರ ಕ್ಲಿಪ್ಪಿನ ದಪ್ಪದಷ್ಟು ಎದ್ದು ನಿಂತು, ಓಡುತ್ತಾ ಹೋದಂತೆ ನಟ್ಟು ಸಡಿಲವಾಗುತ್ತದೆ.

ರಟ್ಟಿನ ಅಚ್ಚು ಮಾಡುವುದು

ಈ ಕೆಲಸದ ಜೀವಾಳ ಇದು. ಇಲ್ಲಿ ಅವಸರ ಬೇಡ.

1. ಹಬ್ಬಿನ ಮುಖದ ಮೇಲೆ, ಅಂದರೆ ರಿಮ್ ಒತ್ತಿ ಕೂರುವ ಮೇಲ್ಮೈಯ ಮೇಲೆ, ಒಂದು ಉಕ್ಕಿನ ಸ್ಕೇಲನ್ನು ನೇರವಾಗಿ ಒತ್ತಿ ಹಿಡಿದು ಕ್ಯಾಲಿಪರ್ ಕಡೆಗೆ ಚಾಚಿ. ಕ್ಯಾಲಿಪರ್ ಹಬ್ ಮುಖಕ್ಕಿಂತ ಹೊರಗೆ ಚಾಚಿದ್ದರೆ ಸ್ಕೇಲು ಅದಕ್ಕೆ ಅಡ್ಡ ಬರುತ್ತದೆ. ಆಗ ಒಂದೇ ದಪ್ಪದ ಎರಡು ಮರದ ತುಂಡುಗಳ ಮೇಲೆ ಸ್ಕೇಲನ್ನು ಎತ್ತರಿಸಿ ಹಿಡಿದು, ಆ ದಪ್ಪದಿಂದ ಸ್ಕೇಲಿಗೂ ಕ್ಯಾಲಿಪರಿಗೂ ಇರುವ ಅಂತರವನ್ನು ಕಳೆಯಿರಿ. ಬರುವ ಅಂಕಿಯೇ ಕ್ಯಾಲಿಪರ್ ಹಬ್ ಮುಖದಿಂದ ಹೊರಗೆ ಚಾಚಿದ ಅಳತೆ.

2. ಹಬ್ಬಿನ ಮಧ್ಯಬಿಂದುವಿನಿಂದ ಕ್ಯಾಲಿಪರಿನ ಅತಿ ದೂರದ ಮೂಲೆಗೆ ಇರುವ ಅಂತರ ಬರೆದುಕೊಳ್ಳಿ. ಇದು ತ್ರಿಜ್ಯ. ಮಧ್ಯಬಿಂದು ಹಿಡಿಯಲು ಆಗದಿದ್ದರೆ ಹಬ್ಬಿನ ನಡುವಿನ ಗುಂಡು ಭಾಗದ ಅಂಚಿನಿಂದ ಅಳೆದು, ಆ ಭಾಗದ ವ್ಯಾಸದ ಅರ್ಧ ಸೇರಿಸಿ. ಮುಂದಿನ ಹಬ್ಬಿಗೆ ಕೈಯಿಂದ ತಿರುಗಿಸುವ ಲಾಕ್ ಇರುವ ಹಳೆಯ ಜೀಪು, ಜಿಪ್ಸಿಗಳಲ್ಲಿ ಹೀಗೆ ಮಾಡುವುದೇ ಸುಲಭ.

3. ಕ್ಯಾಲಿಪರಿನ ಬೆನ್ನು ಎಲ್ಲ ಕಡೆ ಒಂದೇ ಎತ್ತರ ಇರುವುದಿಲ್ಲ. ಹಬ್ ಮುಖದ ಮಟ್ಟದಲ್ಲಿ, ಅದಕ್ಕಿಂತ 20 ಮಿ.ಮೀ. ಒಳಗೆ, 40 ಮಿ.ಮೀ. ಒಳಗೆ, ಹೀಗೆ ಮೂರು ನಾಲ್ಕು ಕಡೆ ತ್ರಿಜ್ಯ ಬರೆದುಕೊಳ್ಳಿ. ರಿಮ್ಮಿನ ತಗ್ಗು ಯಾವ ಜಾಗಕ್ಕೆ ಬರುತ್ತದೆ ಎಂದು ತಿಳಿಯಲು ಇದು ಬೇಕು.

4. ಈ ಅಂಕಿಗಳನ್ನು ದಪ್ಪ ರಟ್ಟಿನ ಮೇಲೆ ಎಳೆದು, ಹಬ್ ಮುಖದಿಂದ ಕ್ಯಾಲಿಪರಿನ ಬೆನ್ನಿನವರೆಗಿನ ಆಕಾರವನ್ನು ಕತ್ತರಿಸಿ. ಕತ್ತರಿಸುವಾಗ ಕ್ಯಾಲಿಪರಿನ ಮುಖದ ಕಡೆ 5, ಬೆನ್ನಿನ ಕಡೆ 6ರಿಂದ 8 ಮಿ.ಮೀ. ಹೆಚ್ಚು ಬಿಡಿ. ನಿಮಗೆ ಬೇಕಾದ ಸಂದಿ ಆಗ ಅಚ್ಚಿನಲ್ಲೇ ಸೇರಿರುತ್ತದೆ.

5. ಅಚ್ಚನ್ನು ಕ್ಯಾಲಿಪರಿಗೆ ಹಿಡಿದು ನೋಡಿ, ಆಮೇಲೆ ಅದರ ಮೇಲೆಯೇ ಅಳತೆಗಳನ್ನೂ ಗಾಡಿಯ ಮಾದರಿ ಮತ್ತು ವರ್ಷವನ್ನೂ ಪೆನ್ನಿನಲ್ಲಿ ಬರೆಯಿರಿ. ಎಡ ಬಲ ಎರಡೂ ಕಡೆ ಒಮ್ಮೆ ಪರೀಕ್ಷಿಸಿ.

ಅಂಗಡಿಗೆ ಈ ಅಚ್ಚನ್ನು ತೆಗೆದುಕೊಂಡು ಹೋಗಿ. ಟೈರ್ ಹಾಕದ ಬರೀ ರಿಮ್ಮನ್ನು ಮುಖ ಕೆಳಗೆ ಮಾಡಿ ಮಲಗಿಸಿ, ಅಚ್ಚಿನ ಹಬ್ ಅಂಚನ್ನು ರಿಮ್ ಕೂರುವ ಮುಖಕ್ಕೆ ಒತ್ತಿ ಹಿಡಿದು, ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ಪ್ರತಿ ಸ್ಪೋಕ್ ಮೇಲೂ ಹಾದುಹೋಗಬೇಕು. ಎಲ್ಲೂ ತಾಗದಿದ್ದರೆ ರಿಮ್ ಮೊದಲ ಪರೀಕ್ಷೆ ಪಾಸಾಯಿತು. ಬೆಂಗಳೂರು ಮೈಸೂರಿನಿಂದ ಪಾರ್ಸೆಲ್ ತರಿಸುವವರು ಅಚ್ಚಿನ ಆಕಾರವನ್ನು ಅಳತೆಗಳ ಸಮೇತ ಕಾಗದದಲ್ಲಿ ಬರೆದು ಮಾರುವವರಿಗೆ ಕಳಿಸಿ, ಅದರಂತೆ ಪರೀಕ್ಷಿಸಿದ ಫೋಟೋ ಕೇಳಿ. ಆಗುವುದಿಲ್ಲ ಎಂದರೆ ಐದನ್ನೂ ಒಟ್ಟಿಗೆ ತರಿಸಬೇಡಿ, ಮೊದಲು ಒಂದು ರಿಮ್ ತರಿಸಿ. ಟೈರ್ ಹತ್ತಿಸಿದ ಮೇಲೆ ಯಾವ ಅಂಗಡಿಯವರೂ ರಿಮ್ ವಾಪಸು ತೆಗೆದುಕೊಳ್ಳುವುದಿಲ್ಲ.

ಎಷ್ಟು ಸಂದಿ ಬೇಕು

ಡಾಂಬರು ರಸ್ತೆಗೆ ಎರಡೂ ಕಡೆ 3 ಮಿ.ಮೀ. ಕನಿಷ್ಠ ಎನ್ನುತ್ತಾರೆ. ತೋಟ, ಗದ್ದೆ, ಬೆಟ್ಟದ ದಾರಿಗೆ ಮುಖದ ಕಡೆ 5, ಸುತ್ತಿನ ಕಡೆ 6ರಿಂದ 8 ಮಿ.ಮೀ. ಇಲ್ಲದ ರಿಮ್ಮನ್ನು ಬಿಟ್ಟುಬಿಡಿ ಎಂಬುದು ನಮ್ಮ ಸಲಹೆ. ಗಾಳಿ ಇಳಿಸಿ ಕಲ್ಲಿನ ಮೇಲೆ ಓಡಿಸಿದಾಗ ರಿಮ್ಮಿನ ಒಳ ಅಂಚು ಪೆಟ್ಟು ತಿಂದು ಒಳಕ್ಕೆ ಬಾಗುತ್ತದೆ. ಬಾಗಿದ ಜಾಗ ಪ್ರತಿ ಸುತ್ತಿನಲ್ಲೂ ಕ್ಯಾಲಿಪರ್ ಮುಂದೆ ಹಾದುಹೋಗುತ್ತದೆ.

ಬ್ಯಾಲೆನ್ಸಿಂಗ್ ತೂಕವೂ ಲೆಕ್ಕಕ್ಕೆ ಬರಬೇಕು. ಅಲಾಯಿಗೆ ಅಂಟಿಸುವ ತೂಕದ ಪಟ್ಟಿ ಬ್ಯಾರಲ್ ಒಳಗೋಡೆಯಲ್ಲಿ, ಹೆಚ್ಚಾಗಿ ಸ್ಪೋಕ್ ಹಿಂದೆಯೇ ಕೂರುತ್ತದೆ. ಅದರ ದಪ್ಪ 3ರಿಂದ 5 ಮಿ.ಮೀ. ಕ್ಯಾಲಿಪರ್ ತ್ರಿಜ್ಯ 162, ರಿಮ್ಮಿನ ಒಳತ್ರಿಜ್ಯ 167 ಇದ್ದರೆ ಸಂದಿ 5. ಅದರಲ್ಲಿ 4 ಮಿ.ಮೀ. ತೂಕದ ಪಟ್ಟಿ ತಿಂದರೆ ಉಳಿಯುವುದು 1. ಮೊದಲ ಕೆಸರಿನಲ್ಲೇ ಪಟ್ಟಿ ಕಿತ್ತುಹೋಗಿ ಸ್ಟೀರಿಂಗ್ ನಡುಗತೊಡಗುತ್ತದೆ. ಬ್ಯಾಲೆನ್ಸಿಂಗ್ ಮಾಡುವವರಿಗೆ ಕ್ಯಾಲಿಪರ್ ಹಾದುಹೋಗುವ ಪಟ್ಟೆಯನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ ತೋರಿಸಿ, ಅಲ್ಲಿ ಬಿಟ್ಟು ಬೇರೆಡೆ ಅಂಟಿಸಲು ಹೇಳಿ. ಸ್ಟೀಲ್ ರಿಮ್ಮಿಗೆ ಅಂಚಿನಲ್ಲಿ ಹೊಡೆಯುವ ಕ್ಲಿಪ್ ತೂಕವೇ ಒಳ್ಳೆಯದು.

ಆಫ್‌ಸೆಟ್ ಎಂಬ ತಪ್ಪು ಪರಿಹಾರ

‘ಮೈನಸ್ ಆಫ್‌ಸೆಟ್ ಹಾಕಿ, ಬ್ರೇಕಿಗೆ ತಾಗಲ್ಲ’ ಎಂಬ ಮಾತು ಗ್ಯಾರೇಜುಗಳಲ್ಲಿ ಓಡಾಡುತ್ತಿದೆ. ಇದು ಅರ್ಧ ಸತ್ಯ. ರಿಮ್ಮಿನ ಅಗಲದ ಮಧ್ಯರೇಖೆಯಿಂದ ಹಬ್ಬಿಗೆ ಒತ್ತುವ ಮುಖ ಎಷ್ಟು ದೂರ ಇದೆ ಎಂಬುದೇ ಆಫ್‌ಸೆಟ್. ಮುಖ ಹೊರಬದಿಗಿದ್ದರೆ ಪ್ಲಸ್, ಒಳಬದಿಗಿದ್ದರೆ ಮೈನಸ್. ಆ ಮುಖದಿಂದ ಸ್ಪೋಕ್ ಎಷ್ಟು ಹೊರಗೆ ಬಾಗಿದೆ ಎಂಬುದು ಆಫ್‌ಸೆಟ್ ಅಂಕಿಯಿಂದ ತಿಳಿಯುವುದಿಲ್ಲ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಅಲಾಯಿಯನ್ನು ಬೇರೆ ಬೇರೆ ಆಫ್‌ಸೆಟ್‌ಗಳಲ್ಲಿ ಮಾರುವಾಗ ಹಿಂಬದಿಯ ಕೂರುವ ಮುಖವನ್ನು ಹೆಚ್ಚು ಕಡಿಮೆ ಕಡೆದಿರುತ್ತಾರೆ. ಹೆಚ್ಚು ಕಡೆದದ್ದು ಹೆಚ್ಚು ಪ್ಲಸ್ ಆಗುತ್ತದೆ, ಸ್ಪೋಕ್ ಕ್ಯಾಲಿಪರಿಗೆ ಹತ್ತಿರವಾಗುತ್ತದೆ. ಅಲ್ಲಿಗೆ ಆ ಮಾತು ನಿಜ. ಎರಡು ಬೇರೆ ಮಾದರಿಗಳನ್ನು ಹೋಲಿಸುವಾಗ ಮಾತ್ರ ಅದಕ್ಕೆ ಅರ್ಥವಿಲ್ಲ. ಮುಖ ಚಪ್ಪಟೆಯಾಗಿರುವ ಮೈನಸ್ ರಿಮ್ ತಾಗಬಹುದು, ಸ್ಪೋಕ್ ಹೊರಕ್ಕೆ ಉಬ್ಬಿರುವ ಪ್ಲಸ್ ರಿಮ್ ತಾಗದೆ ಇರಬಹುದು.

ಆಫ್‌ಸೆಟ್ ಬದಲಾಯಿಸಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಹಳೆಯ ರಿಮ್ 7 ಇಂಚು ಅಗಲ, ಆಫ್‌ಸೆಟ್ ಪ್ಲಸ್ 25. ಹೊಸದು 8 ಇಂಚು, ಆಫ್‌ಸೆಟ್ ಸೊನ್ನೆ. ಅಗಲದ ಅರ್ಧಕ್ಕೆ ಆಫ್‌ಸೆಟ್ ಕೂಡಿಸಿದರೆ ಒಳಬದಿ, ಕಳೆದರೆ ಹೊರಬದಿ. ಹಳೆಯದರ ಒಳಬದಿ 88.9 + 25 = 113.9 ಮಿ.ಮೀ., ಹೊರಬದಿ 63.9. ಹೊಸದರ ಒಳಬದಿಯೂ ಹೊರಬದಿಯೂ 101.6. ಅಂದರೆ ಹೊಸ ರಿಮ್ಮಿನ ಒಳ ಅಂಚು 12 ಮಿ.ಮೀ. ಹೊರಕ್ಕೆ ಸರಿಯುತ್ತದೆ, ಹೊರ ಅಂಚು ಸುಮಾರು 38 ಮಿ.ಮೀ. ಹೊರಗೆ ಚಾಚುತ್ತದೆ. ಕೆಸರು ಬಾಗಿಲಿಗೆ ಹಾರುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಬಂಪರಿನ ಮೂಲೆಗೆ ಉಜ್ಜುತ್ತದೆ. ಗಾಡಿ ಹೋಗಿ ಹೋಗಿ ಆಳವಾದ ಚಕ್ರದ ಹಳ್ಳದಲ್ಲಿ ಸ್ಟೀರಿಂಗ್ ಕೈಯಲ್ಲಿ ಒದೆಯುತ್ತದೆ. ಬೇರಿಂಗ್ ಮತ್ತು ಕಿಂಗ್‌ಪಿನ್ ಮೇಲಿನ ಭಾರವೂ ಹೆಚ್ಚುತ್ತದೆ. ಬ್ರೇಕಿಗೆ 5 ಮಿ.ಮೀ. ಜಾಗಕ್ಕಾಗಿ ಇಷ್ಟೆಲ್ಲ ತೆರಬೇಕಿಲ್ಲ, ಸ್ಪೋಕ್ ಬಾಗು ಸರಿ ಇರುವ ರಿಮ್ ಹುಡುಕಿ.

ಇದಕ್ಕೆ ವಿರುದ್ಧವಾಗಿ ಒಳಬದಿ ಹೆಚ್ಚಾದರೆ ಇನ್ನೊಂದು ತೊಂದರೆ ಇದೆ. ಟೈ ರಾಡ್ ತುದಿ ಮತ್ತು ಬಾಲ್ ಜಾಯಿಂಟ್ ರಿಮ್ಮಿನ ಒಳಗೋಡೆಗೆ ಹತ್ತಿರವಾಗುತ್ತವೆ. 18ರಿಂದ 16ಕ್ಕೆ, 16ರಿಂದ 15ಕ್ಕೆ ಇಳಿಯುವವರು ಕ್ಯಾಲಿಪರ್ ನೋಡಿ ಸಮಾಧಾನಪಟ್ಟು ಇದನ್ನು ಮರೆಯಬಾರದು.

ಗಾಡಿ ಯಾವುದು ಎಂಬುದರ ಮೇಲೆ

ಮೂಲದಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಇದ್ದ ಹಳೆಯ ಜೀಪು: ರಿಮ್ 16 ಇಂಚು, ಕಿರಿದು, ಟೈರ್ 6.00-16. ಹಾಗೇ ಇಟ್ಟುಕೊಂಡರೆ ಬ್ರೇಕಿನ ಚಿಂತೆ ಕಡಿಮೆ. ಚಿಂತೆ ಶುರುವಾಗುವುದು ಮುಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿಸಿ, ಜೊತೆಗೇ 15 ಇಂಚಿನ ಅಗಲ ರಿಮ್ಮಿಗೆ ಹೋದಾಗ. ಯಾವ ಗಾಡಿಯ ಕ್ಯಾಲಿಪರ್, ಯಾವ ಬ್ರಾಕೆಟ್ ಹಾಕಿದರು ಎಂಬುದರ ಮೇಲೆ ತ್ರಿಜ್ಯ ಬದಲಾಗುತ್ತದೆ. ಪಕ್ಕದ ತೋಟದ ಜೀಪಿಗೆ ಕೂತ ರಿಮ್ ನಿಮ್ಮದಕ್ಕೆ ಕೂರುತ್ತದೆಂಬ ನಂಬಿಕೆ ಬೇಡ. ಮೊದಲು ಡಿಸ್ಕ್ ಕೆಲಸ ಮುಗಿಸಿ, ಆಮೇಲೆ ಅಚ್ಚು, ಕೊನೆಗೆ ರಿಮ್.

ಜಿಪ್ಸಿ ಮತ್ತು ಜಿಮ್ನಿ: ಎರಡಕ್ಕೂ ಮುಂದೆ ಡಿಸ್ಕ್, ಹಿಂದೆ ಡ್ರಮ್, ಎರಡೂ 15 ಇಂಚಿನಲ್ಲೇ ಬಂದವು. ಬೋಲ್ಟ್ ವೃತ್ತ 5×139.7 (ಐದು ಬೋಲ್ಟು, ಅವು ಕೂರುವ ವೃತ್ತದ ವ್ಯಾಸ 139.7 ಮಿ.ಮೀ.), ನಡುವಿನ ತೂತು 108 ಮಿ.ಮೀ. ಹಳೆಯ ಜೀಪಿನದೂ 5×139.7. ಹೀಗಾಗಿ ಇವುಗಳ ನಡುವೆ ರಿಮ್ ಅದಲುಬದಲು ಆಗುತ್ತಲೇ ಇರುತ್ತದೆ. ಬೋಲ್ಟ್ ಒಂದೇ ಆದರೂ ಆಫ್‌ಸೆಟ್, ನಡುವಿನ ತೂತು, ಸ್ಪೋಕ್ ಆಳ ಬೇರೆ ಬೇರೆ.

2020ರ ಥಾರ್: ಕಾರ್ಖಾನೆಯಿಂದಲೇ ಎರಡು ಅಳತೆಯಲ್ಲಿ ಬಂದಿದೆ, 245/75 ಆರ್16 ಮತ್ತು 255/65 ಆರ್18. 18 ಇರುವವರು 16ಕ್ಕೆ ಇಳಿದರೆ ಟೈರಿನ ಗೋಡೆ 166ರಿಂದ 184 ಮಿ.ಮೀ.ಗೆ ಏರುತ್ತದೆ, ಕಲ್ಲಿನ ದಾರಿಗೆ ಇದು ನಿಜವಾದ ಲಾಭ. ಆದರೆ ಕಂಪನಿಯ 16 ಇಂಚಿನ ಸ್ಟೀಲ್ ರಿಮ್ ಕೂರುತ್ತದೆ ಎಂದರೆ ಮಾರುಕಟ್ಟೆಯ ಎಲ್ಲ 16 ಇಂಚಿನ ಅಲಾಯ್ ಕೂರುತ್ತದೆ ಎಂದಲ್ಲ. ಅಚ್ಚು ಹಿಡಿದೇ ನೋಡಬೇಕು. 15ಕ್ಕೆ ಇಳಿಯುವ ಆಸೆ ಇದ್ದವರು ಇನ್ನೂ ಎಚ್ಚರದಿಂದಿರಿ.

ಫಾರ್ಚೂನರ್, ವಿ-ಕ್ರಾಸ್, ಎಂಡೀವರ್, ಪಜೆರೋ ಸ್ಪೋರ್ಟ್ ಎಲ್ಲವೂ 6×139.7. ನಡುವಿನ ತೂತು ಮಾತ್ರ ಕ್ರಮವಾಗಿ ಸುಮಾರು 106, 100, 93, 67 ಮಿ.ಮೀ. ಫಾರ್ಚೂನರ್ ರಿಮ್ ಎಂಡೀವರ್‌ಗೆ ಬೋಲ್ಟ್ ಆಗುತ್ತದೆ, ನಡುವೆ 13 ಮಿ.ಮೀ. ಸಡಿಲ ಇರುತ್ತದೆ. ಎಂಡೀವರ್ ರಿಮ್ ಫಾರ್ಚೂನರ್‌ಗೆ ಹೋಗುವುದೇ ಇಲ್ಲ.

ತೂತು, ಸ್ಟಡ್ಡು, ನಟ್ಟು

ನಡುವಿನ ತೂತು ದೊಡ್ಡದಿದ್ದರೆ ಸರಿಯಾದ ಅಳತೆಯ ಉಂಗುರ ಹಾಕಿ. ಘಾಟಿ ಇಳಿಯುವ ಬಿಸಿಗೆ ಅಗ್ಗದ ಪ್ಲಾಸ್ಟಿಕ್ ಉಂಗುರ ಹಾಳಾಗುತ್ತದೆ, ಅಲ್ಯೂಮಿನಿಯಂ ಉಂಗುರ ತೆಗೆದುಕೊಂಡು ತೆಳುವಾಗಿ ಗ್ರೀಸ್ ಸವರಿ.

ನಟ್ಟಿನ ಕೂರುವ ಆಕಾರ ಮೂರು ಬಗೆ: ಶಂಕುವಿನಂತೆ ಇಳಿಜಾರು, ಗುಂಡು, ಚಪ್ಪಟೆ ವಾಷರ್. ಇಳಿಜಾರು ರಿಮ್ಮಿಗೆ ಗುಂಡು ನಟ್ಟು ಹಾಕಿದರೆ ಹಿಡಿದಂತೆ ಕಾಣುತ್ತದೆ, ಆದರೆ ಒಂದು ತೆಳು ಗೆರೆಯಲ್ಲಿ ಮಾತ್ರ ತಾಗಿರುತ್ತದೆ. ರಿಮ್ ಕೊಳ್ಳುವಾಗಲೇ ಅದರ ನಟ್ಟುಗಳನ್ನೂ ಕೊಳ್ಳಿ. ಸುಝುಕಿ ಗಾಡಿಗಳಿಗೆ ಎಂ12×1.25 (ಸ್ಟಡ್ ದಪ್ಪ 12 ಮಿ.ಮೀ., ಒಂದು ಸುತ್ತಿಗೆ 1.25 ಮಿ.ಮೀ. ಮುಂದೆ ಹೋಗುವ ಮರೆ), ಟೊಯೋಟಾಗೆ ಎಂ12×1.5. ಒಂದಕ್ಕೆ ಇನ್ನೊಂದನ್ನು ಬಲವಂತದಿಂದ ತಿರುಗಿಸಿದರೆ ಸ್ಟಡ್ಡಿನ ಮರೆ (ಥ್ರೆಡ್) ಹೋಗುತ್ತದೆ. ತೀರಾ ಹಳೆಯ ಜೀಪುಗಳಲ್ಲಿ ಎಡಬದಿಯ ಸ್ಟಡ್ಡುಗಳು ಎಡಮರೆಯವು ಇರಬಹುದು, ಪಾನಾ ಹಾಕುವ ಮೊದಲು ತುದಿಯಲ್ಲಿ ಗುರುತು ಇದೆಯೇ ನೋಡಿ.

ಅಲಾಯ್ ಸ್ಟೀಲಿಗಿಂತ ದಪ್ಪ, ಹಾಗಾಗಿ ನಟ್ಟಿಗೆ ಸಿಗುವ ಸ್ಟಡ್ ಉದ್ದ ಕಡಿಮೆಯಾಗುತ್ತದೆ. ಸ್ಟಡ್ ಎಷ್ಟು ದಪ್ಪವೋ ಅಷ್ಟು ಉದ್ದವಾದರೂ ನಟ್ಟು ಹಿಡಿಯಬೇಕು. ಎಂ12×1.5ಕ್ಕೆ 8 ಪೂರ್ತಿ ಸುತ್ತು, ಎಂ12×1.25ಕ್ಕೆ 10. ಕೈಯಲ್ಲಿ ತಿರುಗಿಸುತ್ತಾ ಎಣಿಸಿ. ಕಡಿಮೆ ಬಂದರೆ ಉದ್ದ ಸ್ಟಡ್ ಹಾಕಿಸಿ, ಅದಾಗದಿದ್ದರೆ ಆ ರಿಮ್ ಬೇಡ.

ಭಾರದ ಅಂಕಿಯನ್ನೂ ನೋಡಿ, ಒಳ್ಳೆಯ ರಿಮ್ಮಿನ ಹಿಂಬದಿಯಲ್ಲಿ ಕಿಲೋದಲ್ಲಿ ಬರೆದಿರುತ್ತದೆ. ಹಿಂದಿನ ಆಕ್ಸಲ್ಲಿಗೆ ಕಂಪನಿ ಹೇಳಿದ ಗರಿಷ್ಠ ಭಾರದ ಅರ್ಧಕ್ಕಿಂತ ಅದು ಹೆಚ್ಚಿರಬೇಕು. 50 ಕಿಲೋದ ಕಾಫಿ ಮೂಟೆಗಳನ್ನು ಹೇರಿಕೊಂಡು ಇಳಿಜಾರು ದಾರಿಯಲ್ಲಿ ಹೋಗುವ ಗಾಡಿಗೆ ಇನ್ನೂ ಐದನೇ ಒಂದು ಭಾಗ ಹೆಚ್ಚು ಇರಲಿ. ಅಂಕಿಯೇ ಇಲ್ಲದ, ಐಎಸ್‌ಐ ಅಥವಾ ಜೆಡಬ್ಲ್ಯೂಎಲ್ (ಜಪಾನಿನ ಅಲಾಯ್ ಮಾನದಂಡ) ಗುರುತು ಇಲ್ಲದ ಅಲಾಯ್ ಎಷ್ಟೇ ಚಂದವಿದ್ದರೂ ಕೊಳ್ಳಬೇಡಿ.

ಸ್ಟೀಲೋ ಅಲಾಯೋ

ತೋಟದ ಕೆಲಸವೇ ಹೆಚ್ಚು ಇರುವ ಗಾಡಿಗೆ ಸ್ಟೀಲ್ ಹಾಕಿ. ಗೋಡೆ ತೆಳು, ಒಳಜಾಗ ಹೆಚ್ಚು. ಪೆಟ್ಟು ತಿಂದರೆ ಬಾಗುತ್ತದೆ, ಅಂಚನ್ನು ಬಡಿದು ಮನೆಗೆ ಬರುವಷ್ಟು ಸರಿಮಾಡಬಹುದು. ಅಲಾಯ್ ಬಿರಿಯುತ್ತದೆ. ಬಿರಿದ ಅಲಾಯಿಗೆ ವೆಲ್ಡಿಂಗ್ ಹಾಕಿ ಘಾಟಿ ಇಳಿಯಬೇಡಿ. ವಾರಕ್ಕೆರಡು ಸಲ ಮೈಸೂರಿಗೆ ಹೋಗಿ ಬರುವ ಗಾಡಿಗೆ ಅಲಾಯ್ ಸರಿ, ತೂಕ ಕಡಿಮೆ ಇರುವ ಮಾದರಿ ಆರಿಸಿದರೆ ಸವಾರಿ ಹಗುರ, ಸ್ಪೋಕ್ ನಡುವೆ ಗಾಳಿ ಆಡಿ ಬ್ರೇಕ್ ಬೇಗ ತಣಿಯುತ್ತದೆ.

ಮಾಡಬಾರದ್ದು

ಕ್ಯಾಲಿಪರಿನ ಬೆನ್ನನ್ನು ಗ್ರೈಂಡ್ ಮಾಡಿ ಜಾಗ ಮಾಡಬೇಡಿ. ಬ್ರೇಕ್ ಒತ್ತಿದಾಗ ಆ ಬೆನ್ನೇ ಬಿಲ್ಲಿನಂತೆ ಬಾಗದೆ ತಡೆದು ಪ್ಯಾಡನ್ನು ಹಿಡಿಯುವುದು. ಸ್ಪೋಕ್‌ನ ಹಿಂಬದಿ ಕೊರೆಯುವುದೂ ಬೇಡ, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಸ್ಟಡ್ಡಿಗೆ ವಾಷರ್ ಹಾಕಿ ರಿಮ್ಮನ್ನು ಹೊರಕ್ಕೆ ತಳ್ಳುವುದು ಇನ್ನೂ ಅಪಾಯ, ರಿಮ್ ಹಬ್ಬಿನ ಮುಖಕ್ಕೆ ಒತ್ತಿ ಕೂರುವುದೇ ಇಲ್ಲ.

ಹಳೆಯ ಸ್ಟೀಲ್ ರಿಮ್ಮನ್ನು ಕತ್ತರಿಸಿ ಪಟ್ಟಿ ಸೇರಿಸಿ ಅಗಲ ಮಾಡಿಕೊಡುವ ಕಡೆಗಳಿವೆ. ವೆಲ್ಡಿಂಗ್ ಸುತ್ತು ಸರಿಯಿಲ್ಲದೆ ರಿಮ್ ಓಲಾಡುತ್ತದೆ, ಗಾಳಿ ಸೋರುತ್ತದೆ, ವೆಲ್ಡಿಂಗ್ ಗಂಟು ಒಳಗೋಡೆಯಲ್ಲಿ ಎದ್ದು ಕ್ಯಾಲಿಪರಿಗೆ ತಾಗುತ್ತದೆ. ಹೊಸ ರಿಮ್ಮಿನ ಬೆಲೆ ಕೂಡಿಸಿಕೊಳ್ಳುವವರೆಗೆ ಹಳೆಯದರಲ್ಲೇ ಓಡಿಸಿ.

ಸ್ಪೇಸರ್ (ಹಬ್ಬಿಗೂ ರಿಮ್ಮಿಗೂ ನಡುವೆ ಇಡುವ ತಟ್ಟೆ) ಹಾಕಲೇಬೇಕಾದರೆ 5 ಮಿ.ಮೀ. ತಟ್ಟೆಗೂ ಮೇಲೆ ಹೇಳಿದ ನಟ್ಟಿನ ಸುತ್ತುಗಳ ಲೆಕ್ಕ ಅನ್ವಯಿಸುತ್ತದೆ, ಜೊತೆಗೆ ಹಬ್ಬಿನ ನಡುವಿನ ಅಂಚು ರಿಮ್ಮಿಗೆ ಇನ್ನೂ ಸಿಗುತ್ತಿರಬೇಕು. ತನ್ನದೇ ಸ್ಟಡ್ ಇರುವ 25-30 ಮಿ.ಮೀ. ಸ್ಪೇಸರ್ ಕಟ್ಟುವವರು ಹಬ್ಬಿಗೂ ರಿಮ್ಮಿಗೂ ಎರಡೂ ಕಡೆ ನಡುವೆ ಹಿಡಿಯುವ ಮಾದರಿಯನ್ನೇ ತೆಗೆದುಕೊಳ್ಳಿ, ಒಳಗಿನ ನಟ್ಟುಗಳನ್ನು ಆಗಾಗ ಬಿಚ್ಚಿ ನೋಡಿ.

ಹಾಕಿ ಪರೀಕ್ಷಿಸುವ ಕ್ರಮ

ಟೈರ್ ಇಲ್ಲದ ರಿಮ್ಮನ್ನು ಮುಂದಿನ ಹಬ್ಬಿಗೆ ಹಾಕಿ. ಕ್ಯಾಲಿಪರಿನ ಎತ್ತರದ ಜಾಗಗಳಲ್ಲಿ ಮಕ್ಕಳು ಆಡುವ ಬಣ್ಣದ ಜೇಡಿಯನ್ನು 8 ಮಿ.ಮೀ. ದಪ್ಪಕ್ಕೆ ಮೆತ್ತಿ. ಎಲ್ಲ ನಟ್ಟು ಎದುರುಬದುರು ಬಿಗಿದು, ರಿಮ್ಮನ್ನು ಕೈಯಲ್ಲಿ ನಿಧಾನವಾಗಿ ಎರಡು ಸುತ್ತು ತಿರುಗಿಸಿ. ಬಿಚ್ಚಿ ಜೇಡಿ ಎಷ್ಟು ದಪ್ಪಕ್ಕೆ ಒತ್ತಿಹೋಗಿದೆ ಎಂದು ವರ್ನಿಯರಿನಲ್ಲಿ ಅಳೆದರೆ ನಿಜವಾದ ಸಂದಿ ಸಿಗುತ್ತದೆ. ಜೇಡಿಯನ್ನು ಪೂರ್ತಿ ತೆಗೆದುಹಾಕಲು ಮರೆಯಬೇಡಿ.

ಇನ್ನು ಟೈರ್ ಹತ್ತಿಸಿ. ನಟ್ಟನ್ನು ಟಾರ್ಕ್ ಪಾನಾದಲ್ಲಿ ಗಾಡಿಯ ಕೈಪಿಡಿ ಹೇಳಿದಷ್ಟೇ ಬಿಗಿಯಿರಿ, ಜಿಮ್ನಿಗೆ ಅದು 100 ನ್ಯೂಟನ್ ಮೀಟರ್. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಟೈ ರಾಡ್, ಬ್ರೇಕ್ ಹೋಸ್, ಫೆಂಡರ್ ನೋಡಿ. ಒಂದು ಮುಂಚಕ್ರವನ್ನು ದಿಬ್ಬದ ಮೇಲೆ ಹತ್ತಿಸಿ, ಸ್ಪ್ರಿಂಗ್ ಒತ್ತಿದ ಸ್ಥಿತಿಯಲ್ಲಿ ಮತ್ತೆ ತಿರುಗಿಸಿ. ಆಮೇಲೆ ಹತ್ತು ಕಿಲೋಮೀಟರ್ ಓಡಿಸಿ, ಕೆಲವು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ, ಚಕ್ರ ಬಿಚ್ಚಿ ರಿಮ್ಮಿನ ಒಳಗೆ ಹೊಳೆಯುವ ಗೆರೆ ಬಿದ್ದಿದೆಯೇ ನೋಡಿ. ಗೆರೆ ಇದ್ದರೆ ಆ ರಿಮ್ ಈ ಗಾಡಿಯದಲ್ಲ. 50ರಿಂದ 100 ಕಿ.ಮೀ. ಆದ ಮೇಲೆ ನಟ್ಟನ್ನು ಮತ್ತೆ ಟಾರ್ಕ್ ಮಾಡಿ.

ಮಳೆಗಾಲದಲ್ಲಿ ತೋಟದಿಂದ ಬಂದ ದಿನವೇ ರಿಮ್ಮಿನ ಒಳಗಿನ ಕೆಸರನ್ನು ನೀರು ಹೊಡೆದು ತೆಗೆಯಿರಿ. ಒಣಗಿದರೆ ಅದು ಒಂದು ಬದಿಯಲ್ಲಿ ಭಾರವಾಗಿ ಕೂತು 60-70 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ನಡುಗಿಸುತ್ತದೆ. ಬ್ಯಾಲೆನ್ಸಿಂಗ್ ಹೋಗಿದೆ ಎಂದು ದುಡ್ಡು ಕೊಡುವ ಮುನ್ನ ಒಮ್ಮೆ ತೊಳೆದು ನೋಡಿ. ಓಡುವಾಗ ಕರಕರ ಸದ್ದು ಬಂದರೆ ಕ್ಯಾಲಿಪರ್ ಸಂದಿಯಲ್ಲಿ ಕಲ್ಲು ಸಿಕ್ಕಿರಬಹುದು. ನಿಲ್ಲಿಸಿ ನಿಧಾನವಾಗಿ ಹಿಂದಕ್ಕೆ ಸರಿಸಿದರೆ ಹಲವು ಸಲ ಉದುರಿಬೀಳುತ್ತದೆ. ಬೀಳದಿದ್ದರೆ ಚಕ್ರ ಬಿಚ್ಚಿಯೇ ತೆಗೆಯಿರಿ. ಹಾಗೇ ಓಡಿಸಿದರೆ ರಿಮ್ಮಿನ ಒಳಗೋಡೆಯಲ್ಲಿ ಸುತ್ತಲೂ ಕಾಲುವೆ ಕೊರೆದುಬಿಡುತ್ತದೆ.

ಕಾನೂನು ಮತ್ತು ಸ್ಟೆಪ್ನಿ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ತಯಾರಕರು ನಿಗದಿಪಡಿಸಿದ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಮಾಡುವಂತಿಲ್ಲ. ಆ ಮಾದರಿಗೆ ಕಂಪನಿಯೇ ಕೊಟ್ಟಿರುವ ಅಳತೆಗಳ ಒಳಗೆ ಇರುವುದು ಸುರಕ್ಷಿತ. ಟೈರ್ ಬಾಡಿಯಿಂದ ಹೊರಗೆ ಚಾಚಿದ್ದರೆ ಚೆಕ್‌ಪೋಸ್ಟಿನಲ್ಲಿ ಮಾತ್ರವಲ್ಲ, ಅಪಘಾತವಾದಾಗ ವಿಮೆಯಲ್ಲೂ ಪ್ರಶ್ನೆ ಏಳುತ್ತದೆ.

ರಿಮ್ ನಾಲ್ಕಲ್ಲ, ಐದು ಕೊಳ್ಳಿ. ಫೋರ್ ವೀಲ್ ಹಾಕಿದಾಗ ಐದನೆಯದರ ಟೈರ್ ವ್ಯಾಸ ಬೇರೆ ಇದ್ದರೆ ಗೇರ್‌ಬಾಕ್ಸ್ ಮೇಲೆ ಒತ್ತಡ ಬೀಳುತ್ತದೆ. ಹಣ ಸಾಲದೆ ಹಳೆಯ ಸ್ಟೀಲ್ ರಿಮ್ಮನ್ನೇ ಸ್ಟೆಪ್ನಿಯಾಗಿ ಇಟ್ಟುಕೊಂಡರೆ ಮೂರು ಪರೀಕ್ಷೆ ಮಾಡಿ: ಅದು ಮುಂದಿನ ಕ್ಯಾಲಿಪರಿಗೂ ಕೂರಬೇಕು, ಡಿಸ್ಕ್ ಹಾಕಿಸಿದ ಜೀಪಿನಲ್ಲಿ ಇದು ವಿಶೇಷವಾಗಿ ಮುಖ್ಯ. ಟೈರ್ ವ್ಯಾಸ ಉಳಿದವಕ್ಕೆ ಸರಿಹೊಂದಬೇಕು. ಅಲಾಯಿಯ ನಟ್ಟು ಸ್ಟೀಲಿಗೆ ಕೂರದಿದ್ದರೆ ಹಳೆಯ ನಟ್ಟುಗಳ ಒಂದು ಸೆಟ್ಟನ್ನು, ಅವಕ್ಕೆ ಹೊಂದುವ ಪಾನಾದ ಜೊತೆಗೆ, ಬಟ್ಟೆಯಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟಿರಬೇಕು. ಅಂಗಳದಲ್ಲೇ ಒಂದು ಸಲ ಸ್ಟೆಪ್ನಿಯನ್ನು ಮುಂದಿನ ಚಕ್ರಕ್ಕೆ ಹಾಕಿ, ಬಿಗಿದು, ತಿರುಗಿಸಿ ನೋಡಿ. ಮಾಕುಟ್ಟದ ಕಾಡಿನ ನಡುವೆ ಮಳೆಯಲ್ಲಿ ಪಂಕ್ಚರ್ ಆದಾಗ ಇದು ತಿಳಿಯುವುದಕ್ಕಿಂತ ಇಲ್ಲೇ ತಿಳಿಯುವುದು ಒಳ್ಳೆಯದು.